ಹೊಸ ಕಾರ್ಡು ಕೂರಿಸಿದೊಡನೆ ಕಂಪ್ಯೂಟರು ಮೌನವಾದರೆ

(ಸಂಘದ ವಾಚನಾಲಯದಲ್ಲಿ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಕೇಳಿ ಕೆಲವರು ಹುಬ್ಬೇರಿಸಿರಬಹುದು. ಸಂಬಳ, ರಜೆ, ಭವಿಷ್ಯನಿಧಿ, ಗ್ರಾಚ್ಯುಯಿಟಿಗಳ ಮಾತು ನಡೆಯುವ ಈ ವೇದಿಕೆಯಲ್ಲಿ ಕಂಪ್ಯೂಟರು ರಿಪೇರಿಯ ಮಾತೇಕೆ ಎಂದು ಕೇಳಬಹುದು. ಕಾರಣ ಉಂಟು. ನಮ್ಮ ಮಕ್ಕಳು ಇಂದು ಚಿತ್ರ ಬರೆಯುವುದು, ಸಿನಿಮಾ ಜೋಡಿಸುವುದು, ಕಟ್ಟಡದ ನಕ್ಷೆ ತಯಾರಿಸುವುದು ಎಲ್ಲವೂ ಕಂಪ್ಯೂಟರಿನಲ್ಲೇ. ಮಗ ಬಂದು, “ಅಪ್ಪಾ, ಈ ಯಂತ್ರ ಸಾಲದು, ಗ್ರಾಫಿಕ್ಸ್ ಕಾರ್ಡು ಹಾಕಿಸಬೇಕು” ಎನ್ನುತ್ತಾನೆ. ಅಪ್ಪ ಚೀಟಿ ಎತ್ತಿಯೋ, ಊರಿಗೆ ಕಳಿಸಬೇಕಾದ ಹಣವನ್ನು ಎರಡು ತಿಂಗಳು ತಡೆದೋ ಕೊಡಿಸುತ್ತಾನೆ. ಸಾಧಾರಣವಾದ ಕಾರ್ಡಿಗೂ ಹತ್ತಿಪ್ಪತ್ತು ಸಾವಿರ ರೂಪಾಯಿ ಬೇಕು. ಮನೆಗೆ ತಂದು ಕೂರಿಸಿ ಗುಂಡಿ ಒತ್ತಿದರೆ ತೆರೆ ಕಪ್ಪಗೇ ಉಳಿಯುತ್ತದೆ. ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ಅನ್ನ ಇಳಿಯುವುದಿಲ್ಲ.

ಮಾರನೆಯ ದಿನ ಪೆಟ್ಟಿಗೆಯನ್ನು ಹೊತ್ತು ಅಂಗಡಿಗೆ ಹೋದರೆ, “ಬೋರ್ಡು ಸುಟ್ಟಿದೆ, ಹೊಸದು ಹಾಕಬೇಕು” ಎಂದು ಅವನು ಹೇಳಿದ್ದೇ ವೇದ. ಅದು ನಿಜವೋ ಸುಳ್ಳೋ ಎಂದು ನೋಡುವ ಬಗೆ ನಮಗೆ ತಿಳಿಯದು. ಅದನ್ನು ತಿಳಿಸುವುದಕ್ಕಾಗಿಯೇ ಈ ಭಾಷಣ. ನಾನು ಹೇಳಬೇಕಾದ್ದು ಇಷ್ಟೇ: ಹೊಸ ಕಾರ್ಡು ಹಾಕಿದೊಡನೆ ಯಂತ್ರ ಮೌನವಾದರೆ ಅದು ಸತ್ತಿದೆ ಎಂದು ತಿಳಿಯಬೇಡಿರಿ. ಬಹಳ ಸಲ ಕಾರಣ ಚಿಕ್ಕದು, ಕಾಸು ಖರ್ಚಿಲ್ಲದ್ದು. ಅದನ್ನು ಕ್ರಮವಾಗಿ ಹುಡುಕಬೇಕು. ಕ್ರಮ ಬಿಟ್ಟರೆ ಚಿಕ್ಕ ದೋಷವೂ ದೊಡ್ಡ ಖರ್ಚಾಗುತ್ತದೆ.

ಮೊದಲು ಈ ಕಾರ್ಡು ಏನು ಮಾಡುತ್ತದೆ ಎಂದು ನೋಡೋಣ. ಮಗ್ಗದ ಖಾತೆಯಲ್ಲಿ ಕೆಲಸ ಮಾಡಿದವರಿಗೆ ಇದು ಬೇಗ ಹಿಡಿಸುತ್ತದೆ. ಕಂಪ್ಯೂಟರಿನ ತೆರೆ ಎಂದರೆ ಬೆಳಕಿನ ಬಟ್ಟೆ. ಅಡ್ಡಲಾಗಿ ೧೯೨೦ ಚುಕ್ಕೆ, ಉದ್ದಕ್ಕೆ ೧೦೮೦ ಸಾಲು. ಹಾಸು ಹೊಕ್ಕಿನಂತೆ ಸೇರಿ ಒಟ್ಟು ೨೦,೭೩,೬೦೦ ಚುಕ್ಕೆಗಳು. ಸಾಮಾನ್ಯ ತೆರೆ ಈ ಬಟ್ಟೆಯನ್ನು ಸೆಕೆಂಡಿಗೆ ೬೦ ಸಲ ಹೊಸದಾಗಿ ತೋರಿಸುತ್ತದೆ. ಯಾವ ಚುಕ್ಕೆಗೆ ಯಾವ ಬಣ್ಣ ಎಂದು ಲೆಕ್ಕ ಹಾಕಿ ಕೊಡುವುದೇ ಗ್ರಾಫಿಕ್ಸ್ ಕಾರ್ಡಿನ ಕೆಲಸ. ಮಗ್ಗಕ್ಕೂ ಕಂಪ್ಯೂಟರಿಗೂ ಹಳೆಯ ನೆಂಟಸ್ತಿಕೆಯೇ ಉಂಟು. ಫ್ರಾನ್ಸಿನ ಜಕಾರ್ಡ್ ೧೮೦೪ರಲ್ಲಿ ತೂತು ಹೊಡೆದ ರಟ್ಟುಗಳಿಂದ ಬಟ್ಟೆಯ ಹೂಬಳ್ಳಿಯನ್ನು ನೇಯಿಸಿದನು. ಆ ರಟ್ಟುಗಳನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ೧೮೩೦ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡನು. ಆದ್ದರಿಂದ ಈ ಪೆಟ್ಟಿಗೆಯನ್ನು ಕಂಡು ಗಿರಣಿಯವರು ಹೆದರಬೇಕಾದ್ದಿಲ್ಲ.

ಮಗ್ಗ ನಿಂತಾಗ ನಮ್ಮ ಜಾಬರ್ ಏನು ಮಾಡುತ್ತಿದ್ದನು? ಮೋಟಾರನ್ನು ಬಿಚ್ಚಲು ಓಡುತ್ತಿದ್ದನೇ? ಇಲ್ಲ. ಮೊದಲು ನೂಲು ಹರಿದಿದೆಯೇ ಎಂದು ನೋಡುವನು. ಬಳಿಕ ಲಾಳಿ, ಬಳಿಕ ಪಟ್ಟಿ, ಕೊನೆಗೆ ಮೋಟಾರು. ಹೋಟೆಲಿನಲ್ಲಿ ಒಲೆ ಹತ್ತದಿದ್ದರೆ ಭಟ್ಟರು ಸಿಲಿಂಡರಿನಲ್ಲಿ ಗ್ಯಾಸು ಇದೆಯೇ, ರೆಗ್ಯುಲೇಟರ್ ತಿರುಗಿಸಿದೆಯೇ, ಬರ್ನರಿನಲ್ಲಿ ಕಸ ಕಟ್ಟಿದೆಯೇ ಎಂದು ನೋಡುತ್ತಾರೆ. ಒಲೆ ಹತ್ತಲಿಲ್ಲವೆಂದು ಅಡಿಗೆಮನೆಯನ್ನು ಕೆಡಹುವವರು ಉಂಟೇ? ೧೯೮೨ರ ಜನವರಿ ೧೮ರಂದು ಆರಂಭವಾದ ಮುಷ್ಕರದ ಬಳಿಕ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿಹೋದವು. ಆ ಜಾಬರನ ಬುದ್ಧಿ ಮಾತ್ರ ಮುಚ್ಚಿಹೋಗಬಾರದು.

ಕೈ ಹಾಕುವ ಮೊದಲು ಎಚ್ಚರಿಕೆಯ ಮಾತು. ಗೋಡೆಯ ಸ್ವಿಚ್ಚು ಆರಿಸಿ, ವಯರನ್ನೂ ಕಿತ್ತಿಡಿ. ಆಮೇಲೆ ಕಂಪ್ಯೂಟರಿನ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಇಳಿಯುತ್ತದೆ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಆಮೇಲೆ ಕಾರ್ಡು ಮುಟ್ಟಿರಿ. ನಮ್ಮ ಮೈಯಲ್ಲಿ ಕೂಡುವ ಸ್ಥಿರವಿದ್ಯುತ್ತು ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲದು. ವಿದ್ಯುತ್ತು ಹಂಚುವ ಪವರ್ ಸಪ್ಲೈ ಎಂಬ ಒಳಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ವಯರು ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ತು ನಿಂತಿರಬಹುದು.

ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದನ್ನು ಸರಿಪಡಿಸಿ ಗುಂಡಿ ಒತ್ತಿ ನೋಡಿ. ಆಗಲಿಲ್ಲವಾದರೆ ಇನ್ನೊಂದಕ್ಕೆ ಹೋಗಿ. ಐದನ್ನು ಒಟ್ಟಿಗೆ ಬದಲಿಸಿದರೆ ರೋಗ ಯಾವುದು, ಮದ್ದು ಯಾವುದು ಎಂದು ತಿಳಿಯುವುದಿಲ್ಲ. ಮಾಡಿದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅಂಗಡಿಗೆ ಹೋಗಬೇಕಾಗಿ ಬಂದರೆ ಆ ಚೀಟಿ ನಿಮ್ಮ ಪರವಾಗಿ ಮಾತನಾಡುತ್ತದೆ.

ಈಗ ಗುಂಡಿ ಒತ್ತಿದಾಗ ಏನಾಯಿತೆಂದು ನೋಡಿ. ಮೂರು ಬಗೆ ಉಂಟು. ಏನೂ ಆಗದಿರುವುದು ಒಂದು. ಫ್ಯಾನು ತಿರುಗಿದರೂ ತೆರೆ ಕಪ್ಪಗಿರುವುದು ಎರಡು. ಚಿತ್ರ ಬಂದು, ಕೆಲಸ ಹೆಚ್ಚಾದಾಗ ಆರಿಹೋಗುವುದು ಮೂರು. ಮೂರಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದು. ದೀಪವಿಲ್ಲ, ಫ್ಯಾನಿಲ್ಲ, ಸದ್ದಿಲ್ಲ. ಗೋಡೆಯ ಸ್ವಿಚ್ಚು, ಯುಪಿಎಸ್, ಪವರ್ ಸಪ್ಲೈಯ ಹಿಂಭಾಗದ ಪುಟ್ಟ ಸ್ವಿಚ್ಚು ಇವನ್ನು ನೋಡಿ. ಕಾರ್ಡು ಕೂರಿಸುವಾಗ ಆರಿಸಿದ ಆ ಪುಟ್ಟ ಸ್ವಿಚ್ಚನ್ನು ಮತ್ತೆ ಹಾಕಲು ಮರೆಯುವುದುಂಟು. ಬಳಿಕ ಒಳಗೆ ನೋಡಿ. ಕಾರ್ಡು ದೊಡ್ಡದು, ಪೆಟ್ಟಿಗೆ ಇಕ್ಕಟ್ಟು. ಕೈ ತಾಗಿ ಮದರ್‌ಬೋರ್ಡಿನ ೨೪ ಪಿನ್ನಿನ ದೊಡ್ಡ ವಯರು ಸಡಿಲವಾಗಿರಬಹುದು, ಗುಂಡಿಯಿಂದ ಬರುವ ಸಣ್ಣ ವಯರು ಕಳಚಿರಬಹುದು. ಎರಡನ್ನೂ ಅದುಮಿ ನೋಡಿ. ಫ್ಯಾನು ಒಂದು ಸುತ್ತು ಅಲುಗಿ ತಟ್ಟನೆ ನಿಂತರೆ ಪವರ್ ಸಪ್ಲೈ ಅಪಾಯ ಕಂಡು ತಾನೇ ನಿಂತಿದೆ ಎಂದು ತಿಳಿಯಬೇಕು. ಆಗ ಮತ್ತೆ ಮತ್ತೆ ಗುಂಡಿ ಒತ್ತಬೇಡಿ. ವಯರು ಕಿತ್ತು, ಹೊಸ ಕಾರ್ಡನ್ನು ತೆಗೆದು, ಅದಿಲ್ಲದೆ ಹೊತ್ತಿಸಿ ನೋಡಿ. ಯಂತ್ರ ನಡೆದರೆ ಮದರ್‌ಬೋರ್ಡು ಸುಟ್ಟಿಲ್ಲವೆಂಬುದು ಬಹುಮಟ್ಟಿಗೆ ಖಾತ್ರಿ. ಆಗ ದೋಷ ಕಾರ್ಡಿನಲ್ಲಿ, ಅದರ ವಯರಿನಲ್ಲಿ, ಇಲ್ಲವೆ ಪವರ್ ಸಪ್ಲೈಯಲ್ಲಿ.

ಎರಡನೆಯದು. ಫ್ಯಾನು ತಿರುಗುತ್ತದೆ, ತೆರೆ ಕಪ್ಪಗಿದೆ. ಹೆಚ್ಚಾಗಿ ಕಾಣುವುದೂ ಇದೇ, ಹೆಚ್ಚು ಜನ ಮೋಸಹೋಗುವುದೂ ಇಲ್ಲೇ. ಮೊಟ್ಟಮೊದಲು ಮಾನಿಟರಿನ ವಯರು ಎಲ್ಲಿ ಚುಚ್ಚಿದೆ ನೋಡಿ. ಹಳೆಯ ಅಭ್ಯಾಸದಂತೆ ಅದು ಮದರ್‌ಬೋರ್ಡಿನ ತೂತಿನಲ್ಲೇ ಇರುತ್ತದೆ. ಹೊಸ ಕಾರ್ಡು ಬಂದ ಮೇಲೆ ಅದು ಕಾರ್ಡಿನ ತೂತಿಗೆ ಹೋಗಬೇಕು. ಪೆಟ್ಟಿಗೆಯ ಹಿಂದೆ ಕೆಳಗಡೆ ಅಡ್ಡಲಾಗಿ ಕಾಣುವ ತೂತುಗಳೇ ಕಾರ್ಡಿನವು. ನಮ್ಮ ಸದಸ್ಯರೊಬ್ಬರು, ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುವವರು, ಮಗನ ಯಂತ್ರವನ್ನು ಹೊತ್ತು ಅಂಗಡಿಗೆ ಹೋಗಿದ್ದರು. ಹೊಸ ಬೋರ್ಡು ಬೇಕೆಂದು ಹೇಳಿ ಅವರಿಗೆ ಒಂಬತ್ತು ಸಾವಿರದ ಲೆಕ್ಕ ಬರೆದುಕೊಟ್ಟರು. ಹಣ ಹೊಂದಿಸುವುದಕ್ಕೆಂದು ಮರಳಿ ತಂದರು. ಇದೇ ವಾಚನಾಲಯದಲ್ಲಿ ಹುಡುಗರು ವಯರನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಬದಲಿಸಿದರು, ತೆರೆ ಬೆಳಗಿತು. ಅಂಗಡಿಯ ಹೆಸರು ಬೇಡ. ಪಾಠ ಮಾತ್ರ ಬೇಕು.

ವಯರು ಸರಿಯಿದ್ದರೆ ಕಾರ್ಡಿಗೆ ವಿದ್ಯುತ್ತು ಹೋಗುತ್ತಿದೆಯೇ ನೋಡಿ. ಕಾರ್ಡು ಕೂರುವ ಸ್ಲಾಟು ಹೆಚ್ಚೆಂದರೆ ೭೫ ವಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ತಿನ್ನುವ ಕಾರ್ಡಿಗೆ ಪವರ್ ಸಪ್ಲೈಯಿಂದ ನೇರವಾಗಿ ಬೇರೆ ವಯರು ಹಾಕಬೇಕು. ೬ ಪಿನ್ನಿನದು ೭೫ ವಾಟ್, ೮ ಪಿನ್ನಿನದು ೧೫೦ ವಾಟ್ ತರುತ್ತದೆ. ಕಾರ್ಡಿನ ಮೇಲೆ ಎಷ್ಟು ಗುಂಡಿಗಳಿವೆಯೋ ಅಷ್ಟೂ ತುಂಬಬೇಕು; ಒಂದು ಖಾಲಿ ಬಿಟ್ಟರೂ ಕಾರ್ಡು ಮುನಿಸಿಕೊಂಡು ಕೂರುತ್ತದೆ. ಇಲ್ಲಿ ಒಂದು ಗುಂಡಾಂತರ ಉಂಟು. ಪ್ರೊಸೆಸರಿಗೆ ಹೋಗುವ ವಯರಿನಲ್ಲೂ ೮ ಪಿನ್ನುಗಳೇ, ಆದರೆ ಜಾತಿ ಬೇರೆ. ಅದು ೪ ಮತ್ತು ೪ ಆಗಿ ಸೀಳುತ್ತದೆ. ಕಾರ್ಡಿನದು ೬ ಮತ್ತು ೨ ಆಗಿ ಸೀಳುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಲವಂತವಾಗಿ ತುರುಕಿದರೆ ಕಾರ್ಡು ಸುಟ್ಟೀತು. ಹಾಗೆಯೇ ಒಂದು ಕಂಪನಿಯ ಪವರ್ ಸಪ್ಲೈಯ ಬಿಡಿ ವಯರನ್ನು ಇನ್ನೊಂದು ಕಂಪನಿಯದಕ್ಕೆ ಹಾಕಬೇಡಿ. ಮೂತಿ ಒಂದೇ ಇದ್ದರೂ ಒಳಗಿನ ಎಳೆಗಳ ಕ್ರಮ ಬೇರೆಯಾಗಿರಬಹುದು. ದೊಡ್ಡ ಹೊಸ ಕಾರ್ಡುಗಳಿಗೆ ೧೬ ಪಿನ್ನಿನ ಒಂದೇ ವಯರು ಬರುತ್ತದೆ. ಅದನ್ನು ಕೊನೆಯವರೆಗೆ ಒತ್ತಿ ಕೂರಿಸಲೇಬೇಕು. ೨೦೨೨ರಲ್ಲಿ ಆರ್‌ಟಿಎಕ್ಸ್ ೪೦೯೦ ಎಂಬ ಕಾರ್ಡು ಬಂದಾಗ, ಅರ್ಧ ಕೂತ ವಯರುಗಳು ಬಿಸಿಯಾಗಿ ಕರಗಿದ ಪ್ರಸಂಗಗಳು ನಡೆದವು.

ವಿದ್ಯುತ್ತು ಸರಿಯಿದ್ದರೆ ಕಾರ್ಡು ಸರಿಯಾಗಿ ಕೂತಿದೆಯೇ ನೋಡಿ. ಅದು ಪ್ರೊಸೆಸರಿಗೆ ಹತ್ತಿರದ ಉದ್ದ ಸ್ಲಾಟಿನಲ್ಲಿರಬೇಕು. ಸ್ಲಾಟಿನ ತುದಿಯ ಕೊಂಡಿ ‘ಟಕ್’ ಎಂದು ಬೀಳಬೇಕು. ಭಾರವಾದ ಕಾರ್ಡು ಒಂದು ಕಡೆಗೆ ಜಗ್ಗುತ್ತದೆ. ಪೆಟ್ಟಿಗೆಗೆ ಹಾಕುವ ಸ್ಕ್ರೂ ಬಿಗಿಯದಿದ್ದರೆ ಒಂದು ಬದಿ ಮೇಲೆದ್ದು ಸಂಪರ್ಕ ತಪ್ಪುತ್ತದೆ. ಆದ್ದರಿಂದ ಒಮ್ಮೆ ತೆಗೆದು ಮತ್ತೆ ಕೂರಿಸಿ. ತೆಗೆಯುವಾಗ ಕೊಂಡಿಯನ್ನು ಮೊದಲು ಬಿಡಿಸಿಕೊಳ್ಳಿ. ಹತ್ತಿರವಿರುವ ರ್ಯಾಮ್ ಪಟ್ಟಿಗಳೂ ಕೈ ತಾಗಿ ಸಡಿಲವಾಗಿರಬಹುದು. ಅವನ್ನೂ ತೆಗೆದು ಮತ್ತೆ ಅದುಮಿ.

ಯಂತ್ರ ತಾನೇ ಹೇಳುವ ಮಾತಿಗೂ ಕಿವಿಗೊಡಿ. ಹಲವು ಮದರ್‌ಬೋರ್ಡುಗಳ ಮೇಲೆ ನಾಲ್ಕು ಪುಟ್ಟ ದೀಪಗಳಿವೆ: ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್. ವಿಜಿಎ ಎಂಬಲ್ಲಿ ದೀಪ ನಿಂತರೆ ತಕರಾರು ಗ್ರಾಫಿಕ್ಸ್ ಕಾರ್ಡಿನ ಕಡೆಗೆ. ಡಿರ್ಯಾಮ್ ಎಂಬಲ್ಲಿ ನಿಂತರೆ ರ್ಯಾಮ್ ಕಡೆಗೆ. ಕೆಲವು ಬೋರ್ಡುಗಳು ಸೀಟಿ ಹೊಡೆಯುತ್ತವೆ. ಸೀಟಿಯ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ; ಬೋರ್ಡಿನ ಜೊತೆ ಬಂದ ಪುಸ್ತಕದಲ್ಲಿ ನೋಡಬೇಕು. ಡಿಡಿಆರ್-೫ ರ್ಯಾಮ್ ಇರುವ ಹೊಸ ಯಂತ್ರಗಳು ರ್ಯಾಮ್ ಹೊಂದಿಸಿಕೊಳ್ಳಲು ಕೆಲವೊಮ್ಮೆ ಹಲವು ನಿಮಿಷ ತೆರೆಯನ್ನು ಕಪ್ಪಗಿಡುತ್ತವೆ. ಅವಸರಪಟ್ಟು ಆರಿಸಬೇಡಿ, ಒಂದು ಚಹಾ ಕುಡಿದು ಬನ್ನಿ.

ಹಳೆಯ ಬೋರ್ಡಿಗೆ ಹೊಸ ಕಾರ್ಡು ಹಾಕಿದಲ್ಲಿ ಇನ್ನೊಂದು ತೊಡಕು ಬರಬಹುದು. ಯಂತ್ರ ಎದ್ದೊಡನೆ ಮೊದಲು ಓಡುವ ಒಳಗಿನ ಬರಹಕ್ಕೆ ಬಯಾಸ್ ಎನ್ನುತ್ತಾರೆ. ಹಳೆಯ ಬಯಾಸಿಗೆ ಹೊಸ ಕಾರ್ಡಿನ ಭಾಷೆ ತಿಳಿಯದೆ ಹೋಗಬಹುದು. ಆಗ ಬೋರ್ಡಿನಲ್ಲಿರುವ ೩ ವೋಲ್ಟಿನ ನಾಣ್ಯದಂಥ ಬ್ಯಾಟರಿಯನ್ನು, ವಯರು ಕಿತ್ತ ಬಳಿಕ, ಐದು ಹತ್ತು ನಿಮಿಷ ತೆಗೆದಿಟ್ಟು ಮತ್ತೆ ಹಾಕಿರಿ. ಬಯಾಸ್ ತನ್ನ ಮೂಲಸ್ಥಿತಿಗೆ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಹಳೆಯ ಕಾರ್ಡನ್ನು ಹಾಕಿ, ಬೋರ್ಡು ಮಾಡಿದ ಕಂಪನಿಯ ತಾಣದಿಂದ ಹೊಸ ಬಯಾಸನ್ನು ತುಂಬಿಸಬೇಕು. ಅದು ನಡೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡೇ ಕೆಡಬಹುದು. ಅನುಭವವಿಲ್ಲದವರು ಅದನ್ನು ತಿಳಿದವರ ಕೈಗೆ ಬಿಡುವುದು ಲೇಸು.

ತೆರೆಗೆ ಹೋಗುವ ವಯರಿನಲ್ಲೂ ಬಗೆ ಉಂಟು. ಡಿಸ್‌ಪ್ಲೇಪೋರ್ಟ್ ವಯರಿನಲ್ಲಿ ಕಪ್ಪಾದರೆ ಎಚ್‌ಡಿಎಂಐ ವಯರು ಹಾಕಿ ನೋಡಿ. ಎನ್‌ವಿಡಿಯಾ ಕಂಪನಿಯ ಕೆಲವು ಕಾರ್ಡುಗಳು ಹೊಸ ಡಿಸ್‌ಪ್ಲೇಪೋರ್ಟ್ ಮಾನಿಟರುಗಳೊಂದಿಗೆ ಆರಂಭದಲ್ಲಿ ಕಪ್ಪು ತೆರೆ ತೋರಿಸುತ್ತಿದ್ದವು. ಅದನ್ನು ಸರಿಪಡಿಸುವ ಸಾಧನವನ್ನು ಕಂಪನಿ ೨೦೧೮ರಲ್ಲಿ ತಾನೇ ಹೊರತಂದಿತು. ಹೀಗೆ ಮೂವತ್ತು ಸಾವಿರದ ಕಾರ್ಡನ್ನು ದೂರುವ ಮೊದಲು ಮುನ್ನೂರು ರೂಪಾಯಿಯ ವಯರನ್ನು ಬದಲಿಸಿ ನೋಡುವುದು ಜಾಣತನ.

ಹೊಸ ಕಾರ್ಡು ತೆಗೆದು, ಮಾನಿಟರಿನ ವಯರನ್ನು ಮದರ್‌ಬೋರ್ಡಿಗೆ ಹಾಕಿ ನೋಡಿರೆಂದು ಹೇಳುವುದುಂಟು. ಒಳ್ಳೆಯ ಪರೀಕ್ಷೆಯೇ ಸರಿ. ಆದರೆ ಎಲ್ಲ ಪ್ರೊಸೆಸರುಗಳಿಗೂ ಚಿತ್ರ ತೋರಿಸುವ ಶಕ್ತಿ ಇಲ್ಲ. ಇಂಟೆಲ್ ಕಂಪನಿಯಲ್ಲಿ ಹೆಸರಿನ ಕೊನೆಗೆ ಎಫ್ ಎಂಬ ಅಕ್ಷರ ಇರುವವುಗಳಿಗೆ ಇಲ್ಲ. ಎಎಂಡಿ ಕಂಪನಿಯ ೨೦೨೨ಕ್ಕೆ ಹಿಂದಿನ ರೈಜೆನ್‌ಗಳಲ್ಲಿ ಜಿ ಅಕ್ಷರವಿಲ್ಲದ ಹೆಚ್ಚಿನವುಗಳಿಗೆ ಇಲ್ಲ. ಅಂಥಲ್ಲಿ ಕಾರ್ಡು ತೆಗೆದರೆ ತೆರೆ ಕಪ್ಪಗಿರುವುದೇ ಸಹಜ. ಅದನ್ನು ಕಂಡು ಬೋರ್ಡು ಹೋಯಿತೆಂದು ಎದೆ ಒಡೆದುಕೊಳ್ಳಬೇಡಿ. ಹಳೆಯ ಕಾರ್ಡು ಹಾಕಿ ನೋಡಿ.

ಮೂರನೆಯದು. ಚಿತ್ರ ಬರುತ್ತದೆ, ಆಟವೋ ಭಾರದ ಕೆಲಸವೋ ಶುರುವಾದೊಡನೆ ಯಂತ್ರ ಆರುತ್ತದೆ. ಇದು ಬಹಳ ಸಲ ಶಕ್ತಿಯ ಕೊರತೆ. ಹೋಟೆಲಿನಲ್ಲಿ ರುಬ್ಬುವ ಯಂತ್ರ ನಡೆಯುತ್ತಿರುವಾಗ ಅದೇ ಲೈನಿನಲ್ಲಿ ಗೀಸರನ್ನೂ ಹಾಕಿದರೆ ಫ್ಯೂಸು ಹಾರುವುದಿಲ್ಲವೇ? ಇಲ್ಲೂ ಹಾಗೆಯೇ. ಆರ್‌ಟಿಎಕ್ಸ್ ೩೦೬೦ ಕಾರ್ಡು ೧೭೦ ವಾಟ್ ತಿನ್ನುತ್ತದೆ. ೪೦೬೦ ಕಾರ್ಡು ೧೧೫ ವಾಟ್. ಎರಡಕ್ಕೂ ಕಂಪನಿ ಸೂಚಿಸುವ ಪವರ್ ಸಪ್ಲೈ ೫೫೦ ವಾಟಿನದು. ಇಷ್ಟೇಕೆ ಎನ್ನುತ್ತೀರಾ? ಪ್ರೊಸೆಸರೂ ಉಣ್ಣಬೇಕು, ಜೊತೆಗೆ ಕಾರ್ಡು ಕೆಲವು ಕ್ಷಣ ತನ್ನ ಪಾಲಿಗಿಂತ ಹೆಚ್ಚು ಎಳೆಯುತ್ತದೆ. ಕಚೇರಿಗಳಲ್ಲಿ ಬಳಸಿ ಮಾರಿದ ಸಣ್ಣ ಪೆಟ್ಟಿಗೆಗಳನ್ನು ನಾವು ಅಗ್ಗಕ್ಕೆ ಕೊಳ್ಳುತ್ತೇವೆ. ಅವುಗಳಲ್ಲಿ ಹಲವಕ್ಕೆ ೩೦೦ ವಾಟಿಗೂ ಕಡಿಮೆಯ ಪವರ್ ಸಪ್ಲೈ ಇರುತ್ತದೆ. ಕಾರ್ಡಿಗೆ ಬೇಕಾದ ವಯರೂ ಇರುವುದಿಲ್ಲ. ಅಂಥ ಪೆಟ್ಟಿಗೆಗೆ, ಸ್ಲಾಟಿನ ೭೫ ವಾಟಿನಲ್ಲೇ ನಡೆಯುವ, ಬೇರೆ ವಯರು ಬೇಡದ ಕಾರ್ಡನ್ನೇ ಆರಿಸಬೇಕು. ಅದಿಲ್ಲವೆಂದು ಹಾರ್ಡ್‌ಡಿಸ್ಕಿನ ಸಾಟಾ ವಯರಿನಿಂದ ೮ ಪಿನ್ನು ಮಾಡಿಕೊಡುವ ಅಗ್ಗದ ತುಂಡನ್ನು ಹಾಕಬೇಡಿ. ಸಾಟಾ ಮೂತಿ ೧೨ ವೋಲ್ಟಿನಲ್ಲಿ ೫೪ ವಾಟ್ ಮಾತ್ರ ತಾಳುತ್ತದೆ; ೧೫೦ ಎಳೆದರೆ ಕರಗಿ ಬೆಂಕಿ ಹತ್ತೀತು. ಹತ್ತಡಿಯ ಖೋಲಿಯಲ್ಲಿ ಆರು ಜನ ಮಲಗುವ ನಮ್ಮಂಥವರಿಗೆ ಆ ಬೆಂಕಿ ಎಂದರೇನೆಂದು ಹೇಳಬೇಕಾಗಿಲ್ಲ.

ಯುಪಿಎಸ್ ಕೂಡ ಲೆಕ್ಕಕ್ಕೆ ಬರಬೇಕು. ೬೦೦ ವಿಎ ಎಂದು ಬರೆದ ಸಾಧಾರಣ ಯುಪಿಎಸ್ ಹೊರುವುದು ಸುಮಾರು ೩೬೦ ವಾಟ್. ಕಾರ್ಡು ಬಂದ ಮೇಲೆ ಅದು ಕಿರುಚಿ ಆರಿದರೆ ತಪ್ಪು ಕಂಪ್ಯೂಟರಿನದಲ್ಲ. ಶಕ್ತಿ ಸಾಕಷ್ಟಿದ್ದೂ ಆರಿದರೆ, ಕಾರ್ಡಿನ ಫ್ಯಾನು ತಿರುಗುತ್ತಿದೆಯೇ, ಧೂಳು ತುಂಬಿ ಬಿಸಿಯಾಗುತ್ತಿದೆಯೇ ನೋಡಿ. ಹಳೆಯ ಕಾರ್ಡಿನ ಡ್ರೈವರನ್ನು ಅಳಿಸಿ ಹೊಸದನ್ನು ಹಾಕಿ.

ಇಷ್ಟನ್ನೂ ಮಾಡಿ ಸೋತರೆ ಕಾರ್ಡನ್ನು ಗೆಳೆಯನ ಯಂತ್ರದಲ್ಲಿ ಹಾಕಿ ನೋಡಿ. ಅಲ್ಲೂ ಮೌನವಾದರೆ ಕಾರ್ಡೇ ಕೆಟ್ಟದ್ದು. ಅಲ್ಲಿ ನಡೆದರೆ ದೋಷ ನಿಮ್ಮ ಪೆಟ್ಟಿಗೆಯಲ್ಲಿದೆ; ಸಾಕಷ್ಟು ಶಕ್ತಿಯ ಬೇರೆ ಪವರ್ ಸಪ್ಲೈ ಸಾಲ ತಂದು ಪರೀಕ್ಷಿಸಿ. ಈ ಹೊತ್ತಿಗೆ ಅಂಗಡಿಗೆ ಹೋಗುವ ನಿಮ್ಮ ಕೈಯಲ್ಲಿ ಚೀಟಿ ಇರುತ್ತದೆ, ಬಾಯಲ್ಲಿ ಉತ್ತರ ಇರುತ್ತದೆ.

ಇನ್ನು ಅಂಗಡಿಯ ಮಾತು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಾಗಲಿ, ದಿಲ್ಲಿಯ ನೆಹರು ಪ್ಲೇಸ್ ಆಗಲಿ, ಚೆನ್ನೈಯ ರಿಚಿ ಸ್ಟ್ರೀಟ್ ಆಗಲಿ, ಪ್ರಾಮಾಣಿಕರೂ ಉಂಟು, ಅಲ್ಲದವರೂ ಉಂಟು. ಪಕ್ಕಾ ಬಿಲ್ಲಿಲ್ಲದೆ ಕೊಳ್ಳಬೇಡಿ. ಬಿಲ್ಲಿನ ಮೇಲೆ ಕಾರ್ಡಿನ ಸೀರಿಯಲ್ ನಂಬರು ಬರೆಸಿರಿ. ಭಾರತದಲ್ಲಿ ವಾರಂಟಿ ಉಂಟೇ ಎಂದು ಕೇಳಿರಿ. ರಿಪೇರಿಗೆ ಕೊಡುವಾಗ ಯಂತ್ರದ ಒಳಗಿನ ಫೋಟೋ ತೆಗೆದು, ಕೊಟ್ಟ ಭಾಗಗಳ ಪಟ್ಟಿಗೆ ಸಹಿ ಹಾಕಿಸಿರಿ. ಭಾಗ ಬದಲಿಸಿದ್ದೇವೆ ಎಂದರೆ ಹಳೆಯ ಭಾಗವನ್ನು ಮರಳಿ ಕೇಳಿರಿ. ಹಳೆಯ ಕಾರ್ಡು ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಈಥೀರಿಯಂ ಎಂಬ ನಾಣ್ಯಕ್ಕಾಗಿ ಹಗಲಿರುಳು ದುಡಿಸಿದ ಕಾರ್ಡುಗಳು, ೨೦೨೨ರ ಸೆಪ್ಟೆಂಬರಿನಲ್ಲಿ ಆ ದಂಧೆ ನಿಂತ ಮೇಲೆ, ಬಹಳವಾಗಿ ಪೇಟೆಗೆ ಬಂದವು. ಕೆಲವುಗಳ ಬಯಾಸನ್ನೇ ತಿದ್ದಿರುತ್ತಾರೆ. ಕಣ್ಣೆದುರು ನಡೆಸಿ ತೋರಿಸದ ಹೊರತು ಹಣ ಕೊಡಬೇಡಿ.

ಅನ್ಯಾಯವಾದರೆ ಸುಮ್ಮನಿರಬೇಕಾದ್ದಿಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ನಮಗೂ ಸೇರಿದ್ದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫. ಐದು ಲಕ್ಷ ರೂಪಾಯಿಯವರೆಗಿನ ಸರಕಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಬಿಲ್ಲು ಮತ್ತು ಚೀಟಿ ಎರಡೂ ಇದ್ದವನ ಮಾತಿಗೆ ಅಲ್ಲಿ ತೂಕ ಹೆಚ್ಚು.

ಬಂಧುಗಳೇ, ಈ ವಿದ್ಯೆಯನ್ನು ಕಲಿಯಲು ಪದವಿ ಬೇಡ. ಒಂದು ಸ್ಕ್ರೂಡ್ರೈವರು, ಒಂದು ಟಾರ್ಚು, ಸ್ವಲ್ಪ ತಾಳ್ಮೆ ಸಾಕು. ನಾವು ಒಂದು ಕೆಲಸ ಮಾಡೋಣ. ಈ ವಾಚನಾಲಯದ ಕಪಾಟಿನಲ್ಲಿ ಒಂದು ಎಚ್‌ಡಿಎಂಐ ವಯರು, ಒಂದು ಹಳೆಯ ಚಿಕ್ಕ ಕಾರ್ಡು, ಒಂದು ಒಳ್ಳೆಯ ಪವರ್ ಸಪ್ಲೈ ಇಡೋಣ. ಸದಸ್ಯರ ಮನೆಯ ಯಂತ್ರ ನಿಂತರೆ ಅಂಗಡಿಗೆ ಮುಂಚೆ ಇಲ್ಲಿಗೆ ಬರಲಿ. ತಿಳಿದ ಹುಡುಗರು ತಿಳಿಯದವರಿಗೆ ತೋರಿಸಲಿ. ಹುಡುಗಿಯರೂ ಮುಂದೆ ಬರಲಿ. ಒಂದು ಮನೆಯ ಒಂಬತ್ತು ಸಾವಿರ ಉಳಿದರೆ ಅದು ಆ ಮನೆಗೆ ಸಿಕ್ಕ ಬೋನಸ್ಸೇ ಸರಿ. ಈ ಸೂಚನೆಯನ್ನು ಕಾರ್ಯಕಾರಿ ಸಮಿತಿ ಮನಸ್ಸಿಗೆ ತಂದುಕೊಳ್ಳಬೇಕೆಂದು ವಿಜ್ಞಾಪಿಸುತ್ತೇನೆ.